ಟ್ಯಾಂಕಿನ ಮುಚ್ಚಳ

ಬರೋಡಾದಲ್ಲಿ ನಮ್ಮ ಭಾವನ ಹೋಟೆಲಿತ್ತು. ಊರ ಹೊರಗೆ ಕಾರ್ಖಾನೆಯೊಂದನ್ನು ಕಟ್ಟುತ್ತಿದ್ದ ಜನರಿಗೆ ಮಧ್ಯಾಹ್ನದ ಊಟ ಅಲ್ಲಿಂದಲೇ ಹೋಗುತ್ತಿತ್ತು. ಅದನ್ನು ಹಳೆಯ ಪಿಕಪ್ಪಿನಲ್ಲಿ ಒಯ್ಯುವುದು ಭಾವನ ತಮ್ಮನಾದ ನನ್ನ ಗಂಡನ ಕೆಲಸ. ಮದುವೆಯಾಗಿ ಮಂಗಳೂರು ಕಡೆಯಿಂದ ಬಂದ ನಾನು ಅಡುಗೆಮನೆಯಲ್ಲಿದ್ದೆ.

ಆ ಬೇಸಿಗೆಯಲ್ಲಿ ಪಿಕಪ್ಪು ಅರ್ಧ ದಾರಿಯಲ್ಲಿ ನಿಲ್ಲತೊಡಗಿತು. ಇವರು ಪೆಟ್ರೋಲ್ ಪೈಪು ಬಿಚ್ಚಿ ಊದಿದರೆ ಮತ್ತೆ ಹೊರಡುತ್ತಿತ್ತು. ಮೆಕ್ಯಾನಿಕ್ ಕಾರ್ಬ್ಯುರೇಟರ್ ತೊಳೆದ, ಪಂಪು ಬದಲಿಸಿದ. ಏನೂ ಆಗಲಿಲ್ಲ. ಭಾವ ತಾವೇ ಪೇಟೆಯಲ್ಲಿ ಒಂದು ಸುತ್ತು ಓಡಿಸಿ ಬಂದು, ಎಲ್ಲರೆದುರೇ ಹೇಳಿದರು: "ನಾನು ಓಡಿಸುವಾಗ ಎಂತದೂ ಆಗುದಿಲ್ಲ. ಇವ ದಾರಿಯಲ್ಲಿ ಎಲ್ಲೋ ಕೂತುಕೊಳ್ತಾನೆ."

ಊಟಕ್ಕೆ ಕೂತಿದ್ದ ಇವರು ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಬಡಿಸುವ ನೆವ ಹೇಳಿ ನಾನೂ ಪಿಕಪ್ಪು ಹತ್ತಿದೆ.

ಊರು ದಾಟಿ ಬಹಳ ದೂರ ಹೋಗಿರಲಿಲ್ಲ, ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ನೆರಳಿಲ್ಲದ ರಸ್ತೆ, ಹಿಂದೆ ಸಾಂಬಾರಿನ ಹಂಡೆಗಳು. ಇವರು ಬಾನೆಟ್ ಎತ್ತಿದರು. ಪಂಪಿನ ಕೆಳಗಿನ ಗಾಜಿನ ಬಟ್ಟಲು ಒಣಗಿತ್ತು.

"ಪೆಟ್ರೋಲ್ ಬರ್ತಾ ಇಲ್ಲ. ಟ್ಯಾಂಕಿನಲ್ಲಿ ಉಂಟಾ ನೋಡು ಮಾರಾಯ್ತಿ."

ನಾನು ಮುಚ್ಚಳ ತಿರುಗಿಸಿದೆ. ಬಿಗಿಯಾಗಿತ್ತು. ಸಡಿಲವಾದದ್ದೇ ತಡ, ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಬೆಚ್ಚಿ ಕೈ ತೆಗೆದೆ.

"ಎಂತದು ಶಬ್ದ?" ಇವರು ಓಡಿಬಂದರು. ಮುಚ್ಚಳವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಹಳೆಯದು ಸ್ವಲ್ಪ ದಿನಗಳ ಹಿಂದೆ ಕಳೆದುಹೋದ ಮೇಲೆ ಭಾವ ಗುಜರಿಯಿಂದ ತಂದದ್ದು. ಗಾಳಿ ಒಳಗೆ ಹೋಗಲು ಅದರಲ್ಲಿ ತೂತೇ ಇರಲಿಲ್ಲ. ಪೆಟ್ರೋಲ್ ಖರ್ಚಾದಂತೆ ಆ ಜಾಗಕ್ಕೆ ಗಾಳಿ ಬಾರದೆ ಪಂಪು ಎಳೆಯಲಾರದೆ ಸೋಲುತ್ತಿತ್ತು. ಪೇಟೆಯೊಳಗಿನ ಸಣ್ಣ ಓಟದಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ಗಾಜಿನ ಬಟ್ಟಲು ತುಂಬಿತು. ಮುಚ್ಚಳವನ್ನು ಸಡಿಲವಾಗಿಟ್ಟು ಬಟ್ಟೆ ಸುತ್ತಿ ಹೊರಟೆವು. ಮತ್ತೆ ನಿಲ್ಲಲಿಲ್ಲ.

ಆದರೆ ಹೊತ್ತು ಮೀರಿತ್ತು. ಕೆಲಸದವರು ಕಡಲೆ ತಿಂದು ಹೊಟ್ಟೆ ತುಂಬಿಸಿಕೊಂಡಿದ್ದರು. ಮೇಸ್ತ್ರಿ ಹಂಡೆ ಇಳಿಸಲೇ ಬಿಡಲಿಲ್ಲ. "ರೋಜ್ ಐಸಾ ನಹೀ ಚಲೇಗಾ," ಎಂದ. ದಿನಾ ಹೀಗಾದರೆ ನಡೆಯದು, ಮರುದಿನದಿಂದ ಊಟವೇ ಬೇಡ ಎಂದು ಹೇಳಿ ಕಳಿಸಿದ.

ಸಂಜೆ ಇವರು ಮುಚ್ಚಳವನ್ನು ಮೇಜಿನ ಮೇಲಿಟ್ಟು ಎಲ್ಲ ವಿವರಿಸಿದರು. ಭಾವನ ಮುಖ ಕಪ್ಪಿಟ್ಟಿತು.

"ಹಾಗಾದ್ರೆ ತಪ್ಪು ನನ್ನದಾ?"

"ಮುಚ್ಚಳದ ವಿಷಯ ಅಲ್ಲ ಅಣ್ಣ. ನೀವು ನನ್ನನ್ನು ನಂಬ್ಲಿಲ್ಲ."

ಭಾವ ಎದ್ದು ಗಲ್ಲಾಕ್ಕೆ ಹೋಗಿ ಕುಳಿತರು. ಬೆಳಿಗ್ಗೆ ನೋಡಿದರೆ ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ತೂತು ಹೊಡೆದಿದ್ದರು. ತಪ್ಪಾಯಿತೆಂಬ ಒಂದು ಮಾತು ಮಾತ್ರ ಬಾಯಿಂದ ಬರಲಿಲ್ಲ. ಇವರು ಅದಕ್ಕಾಗಿಯೇ ಕೆಲವು ದಿನ ಕಾದರು, ನನಗೆ ಗೊತ್ತಾಗುತ್ತಿತ್ತು.

ಮಳೆ ಶುರುವಾಗುವ ಮೊದಲೇ ನಾವು ಸೂರತ್ತಿಗೆ ಹೊರಟೆವು. ಅಲ್ಲಿ ಇವರು ಬೇರೆಯವರ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು. ಹಬ್ಬಗಳಿಗೆ ಭಾವನ ಮನೆಗೆ ಹೋಗುತ್ತಿದ್ದೆವು. ಅಣ್ಣ ತಮ್ಮ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಮಕ್ಕಳ ಓದಿನ ಬಗ್ಗೆ ಮಾತಾಡುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಮಾತು ಮುಂದುವರಿಯುತ್ತಿರಲಿಲ್ಲ.