ಗಂಗವ್ವ ಹೊಡೆದ ಗಂಟೆ

ಗಂಟೆ ಕಂಡರೆ ನನ್ನ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ನೋಡಿದ್ದನ್ನು ಬರೆ, ಮುಟ್ಟಬೇಡ ಎಂದು ಸುದ್ದಿಮನೆಯಲ್ಲಿ ಇಷ್ಟು ವರ್ಷ ಪಳಗಿದ ಕೈ ಅದು! ಗಂಟೆ ಹೊಡೆಯದೆ ಗುಡಿಯೊಳಗೆ ಕಾಲಿಟ್ಟರೆ ದೇವರ ಮನೆಗೆ ಹೇಳದೆ ಕೇಳದೆ ನುಗ್ಗಿದಂತೆ ಅನ್ನಿಸುವ ಜನ ನಾವು. ಆದರೆ ಗುಡಿಯ ಗಂಟೆ ದೇವರಿಗೆ. ಚರ್ಚಿನ ಗಂಟೆ ಊರಿಗೆ. ಇದು ನನಗೆ ತಿಳಿದದ್ದು ಹಳೇ ಬಾಗಲಕೋಟೆಯ ಚರ್ಚಿನಲ್ಲಿ, ನೆರೆಮನೆಯ ಮಾರ್ಥವ್ವನ ಮಗಳು ರೂತಳ ಮದುವೆಯ ದಿನ.

ಹತ್ತು ಗಂಟೆಯ ಮದುವೆ. ಬಾರಿಸುವ ಗಂಟೆಗೂ ವೇಳೆಗೂ ಕನ್ನಡದಲ್ಲಿ ಒಂದೇ ಪದ. ಅಂದು ಎರಡೂ ತಪ್ಪಿದವು. ಹುನಗುಂದದಿಂದ ಬರಬೇಕಾದ ಗಂಡು ಬಂದಿರಲಿಲ್ಲ, ಅವನ ಫೋನೂ ಹತ್ತುತ್ತಿರಲಿಲ್ಲ. ಬಣ್ಣದ ಗಾಜಿನ ಕಿಟಕಿಯಿಂದ ಬಿದ್ದ ಕೆಂಪು ಬೆಳಕು ರೂತಳ ಬಿಳಿ ಸೀರೆಯಿಂದ ಜಾರಿ, ಗಂಡಿನ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಿತ್ತು. ಹಿಂದಿನ ಬೆಂಚುಗಳಲ್ಲಿ "ಬರ್ತಾನೋ ಇಲ್ಲೋ" ಎಂಬ ಪಿಸುಮಾತು. ಮಾರ್ಥವ್ವನ ಮುಖ ನೋಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಸೋದರತ್ತೆ ಗಂಗವ್ವ ಬಂದಳು. ಹೊರಗೆ ಚಪ್ಪಲಿ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಬಳಿ ತೂಗುತ್ತಿದ್ದ ಗಂಟೆಯ ಹಗ್ಗವನ್ನು ಭಕ್ತಿಯಿಂದ ಎಳೆದೇಬಿಟ್ಟಳು. ಪಕ್ಕದಲ್ಲಿ ನಿಂತಿದ್ದ ನನ್ನ ಕೈಯೂ ಅರ್ಧಕ್ಕೆ ಏರಿತ್ತು. ತಲೆ ಕೆರೆದುಕೊಂಡು ಇಳಿಸಿದೆ.

ಆ ಚರ್ಚಿನಲ್ಲಿ ಮದುವೆಯ ದಿನ ಗಂಟೆ ಹೊಡೆದರೆ ಮದುವೆ ಮುಗಿಯಿತೆಂದು ಅರ್ಥ. ಹೊರಗೆ ಬ್ಯಾಂಡಿನವರು ಶುರು ಹಚ್ಚಿಕೊಂಡರು. ಅಡುಗೆಯವ ಎಲೆ ಹಾಕಿಸಿ ಸಿಹಿ ಮಾದಲಿ ಬಡಿಸತೊಡಗಿದ.

"ಯವ್ವಾ ಗಂಗಕ್ಕಾ, ಗಂಡಽ ಬಂದಿಲ್ಲ, ಲಗ್ನಾ ಮುಗಿಸಿಬಿಟ್ಟೆಲ್ಲವಾ!" ಎಂದು ಮಾರ್ಥವ್ವ ಅತ್ತೇಬಿಟ್ಟಳು.

"ಬಂದೇನಿ ಅಂತ ದೇವರಿಗೆ ಹೇಳಬಾರದೇನ ಮತ್ತ?" ಅತ್ತೆಯ ದನಿ ಉಡುಗಿಹೋಗಿತ್ತು.

ಬಾಗಲಕೋಟೆ ಅಂದರೆ ಎರಡು ಊರು, ಹಳೆಯದೊಂದು, ಹೊಸದೊಂದು. ಗಂಡಿನ ಕಡೆಯವರ ಟೆಂಪೊ ಹೊಸ ಊರಿನ ನವನಗರ, ವಿದ್ಯಾಗಿರಿ ಎಲ್ಲ ಸುತ್ತಿ, ಹಳೇ ಊರಿನ ಓಣಿಗಳಲ್ಲಿ ಸಿಕ್ಕಿಕೊಂಡಿತ್ತು. ಈಗ ಗಂಟೆಯ ಸದ್ದು ಹಿಡಿದು ಬಂದು ನಿಂತಿತು. ಮದುಮಗ ಬೆವರುತ್ತ ಒಳಗೆ ಓಡಿಬಂದ.

"ನಾ ಇಲ್ದಽ ಲಗ್ನಾ ಆತೇನ್ರಿ?"

ಇಡೀ ಚರ್ಚು ನಕ್ಕಿತು. ಕುರ್ಚಿಯಲ್ಲಿ ಕೂತವನ ಕೆನ್ನೆಗೆ ಕಿಟಕಿಯ ಹಳದಿ ಗಾಜಿನ ಬೆಳಕು ಬಿತ್ತು. ಅತ್ತೆಗೆ ಜೀವ ಬಂತು. "ನೋಡವಾ ಮಾರ್ಥಾ, ಅರಿಷಿಣಾ ತಾನಽ ಹತ್ತೇತಿ."

ಉಂಗುರ ಬದಲಾದವು. ಪಾದ್ರಿಗಳು ಗಂಟೆ ಹೊಡೆಯಲು ಸನ್ನೆ ಮಾಡಿದರು. ಮಾರ್ಥವ್ವ ಅತ್ತೆಯ ಕೈಹಿಡಿದು ಹಗ್ಗದ ಬಳಿ ಎಳೆದೊಯ್ದಳು.

"ನಾ ಒಲ್ಲೆ ನಮ್ಮವ್ವಾ, ಒಮ್ಮೆ ಹೊಡೆದದ್ದಽ ಸಾಕಾಗೇತಿ."

"ನೀ ಹೊಡೀಲಿಲ್ಲಂದ್ರ ಅಂವ ಇನ್ನೂ ಓಣಿ ಸುತ್ತತಿದ್ದ. ಹೊಡಿ!"

ಅತ್ತೆ ಈ ಸಲ ಎರಡೂ ಕೈಯಿಂದ ಎಳೆದಳು. ಹೊರಗೆ ಅಡುಗೆಯವ ಕೂಗಿದ: "ಎರಡನೇ ಪಂಕ್ತಿ ಕುಂದರ್ರೀ!"