ಇರ್ಯಾಳ ಅಡುಗೆಮನೆಯ ಸೀಸ

ಕುಹ್ಮೋ ಪೇಟೆಯಿಂದ ಉತ್ತರಕ್ಕೆ, ಕೆರೆಯ ಆಚೆ ದಡದಲ್ಲಿ ಇದ್ದದ್ದು ಎರಡೇ ಮನೆ. ಒಂದು ನನ್ನದು, ಇನ್ನೊಂದು ಔಲಿಸ್ ಕೆಂಪೈನೆನ್‌ನದು. ಅವನು ಮೂವತ್ತು ವರ್ಷ ಕಾಡಿನಲ್ಲಿ ಮರ ಕಡಿಯುವ ಯಂತ್ರ ಓಡಿಸಿದವನು. ಬೇಟೆ ಕೂಟದಲ್ಲಿ ಅವನಷ್ಟು ನೆಟ್ಟಗೆ ಗುಂಡು ಹೊಡೆಯುವವರು ಇರಲಿಲ್ಲ.

ಅವನ ಹೆಂಡತಿ ಇರ್ಯಾಳಿಗೆ ಅರವತ್ತೊಂದನೆಯ ವಯಸ್ಸಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಅರ್ಧ ಉಳಿಯಿತು. ಬಾಗಿಲು ಧಡ್ಡೆಂದರೂ ಬೆಚ್ಚಿ ಅಳುತ್ತಿದ್ದಳು. ಔಲಿಸ್ ಅವಳನ್ನು ಬಿಟ್ಟು ಕಾಡಿಗೆ ಹೋಗುವುದನ್ನು ನಿಲ್ಲಿಸಿದ. ಮನೆಯ ಹಿಂದಿನ ಮರಳುಗುಂಡಿಯಲ್ಲಿ ಗುರಿ ಹೊಡೆಯುವುದೊಂದೇ ಅವನಿಗೆ ಉಳಿದ ಸುಖ. ಅದಕ್ಕೂ ಸದ್ದಾಗಬಾರದು. ಬಂದೂಕಿಗೆ ಸೈಲೆನ್ಸರ್ ಹಾಕಿದ. ಹಾರುವಾಗ ಸಿಡಿಲಿನ ಸದ್ದು ಮಾಡದಂತೆ ನಿಧಾನ ಹೋಗುವ ಭಾರದ ಗುಂಡುಗಳನ್ನು ತಾನೇ ಎರಕ ಹೊಯ್ದು, ಅಳೆದು ಮದ್ದು ತುಂಬಿ ತೋಟಾ ಕಟ್ಟಿಕೊಂಡ. ಎರಕಕ್ಕೆ ಸೀಸ ಕೊಟ್ಟವನು ನಾನು. ನನ್ನದು ಟೈರಿನ ಅಂಗಡಿ. ಚಕ್ರದ ಸಮತೋಲಕ್ಕೆ ಸಿಕ್ಕಿಸುವ ಹಳೆಯ ಸೀಸದ ತುಂಡುಗಳು ಡಬ್ಬಿಗಟ್ಟಲೆ ಬಿದ್ದಿರುತ್ತಿದ್ದವು.

"ತಗೊಂಡ್ಹೋಗು ಮಾರಾಯ, ಇಲ್ಲಿ ಕಾಲಿಗೆ ತೊಡರ್ತವೆ," ಎಂದಿದ್ದೆ.

ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಕೂರಲಾಗದು, ಅವಳೊಬ್ಬಳನ್ನೇ ಬಿಡಲೂ ಆಗದು. ಹಾಗಾಗಿ ಅಡುಗೆಮನೆಯ ಒಲೆಯ ಮೇಲೆಯೇ ಸೀಸ ಕರಗಿಸುತ್ತಿದ್ದ. ಇರ್ಯಾ ಕಿಟಕಿಯ ಪಕ್ಕ ಕೂತು ಎಡಗೈಯಲ್ಲಿ ರೈ ಧಾನ್ಯದ ರೊಟ್ಟಿ ಮುರಿದು ತಿನ್ನುತ್ತಾ ನೋಡುತ್ತಿದ್ದಳು.

"ಮುದುಕ, ಮತ್ತೆ ಸೀಸದ ವಾಸನೆ," ಎನ್ನುತ್ತಿದ್ದಳು, ಒಂದೊಂದೇ ಪದ ಹುಡುಕಿ.

"ನಿನ್ನ ಮೀನಿನ ಪಲ್ಯಕ್ಕಿಂತ ವಾಸಿ ಬಿಡು," ಎನ್ನುತ್ತಿದ್ದ ಅವನು. ಅವಳು ನಗುತ್ತಿದ್ದಳು. ಆ ನಗು ಕೇಳಲೆಂದೇ ನಾನು ಕಾಫಿ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದೆ.

ಎರಡನೆಯ ವರ್ಷ ಸೈಲೆನ್ಸರ್ ಭಾರವಾಯಿತು. ಅಡುಗೆಯ ತಕ್ಕಡಿಯಲ್ಲಿಟ್ಟರೆ ನೂರು ಗ್ರಾಂ ಹೆಚ್ಚು. ಗುಂಡಿನಿಂದ ಕರಗಿದ, ಸವೆದ ಸೀಸ ಒಳಗಿನ ಗೂಡುಗಳಲ್ಲಿ ಮೆತ್ತಿಕೊಂಡಿತ್ತು. ಔಲಿಸ್ ಅದನ್ನು ಬಿಚ್ಚಿ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೆರೆದ. ಬೂದು ಪುಡಿ ಉದುರಿತು. ತಿಂಗಳಿಗೊಮ್ಮೆ ಹೀಗೆ ಕೆರೆಯುವುದು ರೂಢಿಯಾಯಿತು. ಕೆರೆದಾದ ಮೇಲೆ ಮೇಜನ್ನು ಅಂಗೈಯಲ್ಲೇ ಒರೆಸಿಬಿಡುತ್ತಿದ್ದ.

ಸೈಲೆನ್ಸರ್ ತುಂಬುವುದನ್ನು ತಪ್ಪಿಸಲು ಗುಂಡು ಬದಲಿಸುತ್ತಾ ಹೋದ. ಮೊದಲು ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡಿದ. ಸೈಲೆನ್ಸರ್‌ಗೆ ಏರುವ ತೂಕ ಸ್ವಲ್ಪವೇ ಇಳಿಯಿತು. ಆಮೇಲೆ ಗುಂಡಿಗೆ ಬಣ್ಣದ ಲೇಪ ಕೊಟ್ಟು, ಅದು ಕಚ್ಚಿಕೊಳ್ಳಲೆಂದು ಒಲೆಯೊಳಗೆ ಕಾಯಿಸಿದ. ಅದೂ ಸಾಲಲಿಲ್ಲ. ಕೊನೆಗೆ ತಾಮ್ರದ ಹೊದಿಕೆಯ ಗುಂಡು ತರಿಸಿದ.

"ಇದಕ್ಕೂ ತೂಕ ಏರ್ತಿದೆ ನೋಡು," ಎಂದು ನನಗೆ ತೋರಿಸಿದ.

ನಾನು ಗುಂಡನ್ನು ತಲೆಕೆಳಗು ಮಾಡಿ ನೋಡಿದೆ. "ತಳದಲ್ಲಿ ತಾಮ್ರ ಇಲ್ಲ, ಸೀಸ ಕಾಣ್ತಿದೆ, ನೋಡ್ದಾ? ಮದ್ದಿನ ಬೆಂಕಿ ತಾಗೋದೇ ಅಲ್ಲಿ. ತಲೆಗೆ ಟೋಪಿ ಹಾಕಿ ಹಿಂಭಾಗ ಬೆತ್ತಲೆ ಬಿಟ್ಟ ಹಾಗಾಯ್ತು."

ಅವನು ಮೊದಲಿನಂತೆ ನಗಲಿಲ್ಲ. ಆ ಹೊತ್ತಿಗೆ ಮಾತುಮಾತಿಗೆ ಸಿಡುಕುತ್ತಿದ್ದ. ಹೊಟ್ಟೆನೋವು, ಕೈಯಲ್ಲಿ ಹಿಡಿತವಿಲ್ಲ. ಇರ್ಯಾ ನಗುವುದನ್ನು ನಿಲ್ಲಿಸಿದ್ದಳು. ಇದ್ದ ಪದಗಳೂ ಒಂದೊಂದಾಗಿ ಹೋಗುತ್ತಿದ್ದವು. ಪಾರ್ಶ್ವವಾಯುವಿನ ಮುಂದುವರಿಕೆ ಎಂದು ಎಲ್ಲರೂ ಅಂದುಕೊಂಡೆವು.

ಪೇಟೆಯ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಡಾಕ್ಟರ್ ಸನೆಲ್ಮಾ ಔಲಿಸ್‌ನ ಒಸಡಿನ ಅಂಚಿನ ನೀಲಿ ಗೆರೆ ನೋಡಿ ಕೆಲಸ, ಹವ್ಯಾಸ ಎಲ್ಲ ಕೇಳಿದಳು. ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದಳು. ವಾರದ ನಂತರ ಕರೆದಾಗ ಕಾರು ಓಡಿಸಿದ್ದು ನಾನು. ಅವನ ಕೈ ಸ್ಟೀರಿಂಗ್ ಹಿಡಿಯುತ್ತಿರಲಿಲ್ಲ.

"ಔಲಿಸ್, ನಿನ್ನ ರಕ್ತದಲ್ಲಿ ಸೀಸ ತುಂಬಾ ಇದೆ," ಎಂದಳು ಅವಳು. "ಇರ್ಯಾಳದ್ದರಲ್ಲಿ ಇನ್ನೂ ಹೆಚ್ಚು."

"ಅವಳು ಬಂದೂಕನ್ನೇ ಮುಟ್ಟಿಲ್ಲ."

"ನೀನು ಸೀಸ ಕೆರೆಯೋ ಮೇಜಿನ ಮೇಲೇ ಊಟ ಮಾಡ್ತಾಳಲ್ಲ."

ಔಲಿಸ್ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಕೇಳಿದ: "ಅವಳ ಮಾತು ಹೋಗಿದ್ದು ಆ ಕಾಯಿಲೆಯಿಂದ ಎಷ್ಟು, ನನ್ನಿಂದ ಎಷ್ಟು?"

"ಅದನ್ನ ಬೇರೆ ಮಾಡಿ ಹೇಳೋಕೆ ಯಾರಿಗೂ ಆಗಲ್ಲ."

ಇಬ್ಬರಿಗೂ ಔಷಧಿ ಕೊಟ್ಟರು. ರಕ್ತದ ಸೀಸ ಇಳಿಯಿತು. ಹೋದ ಪದಗಳು ಮರಳಲಿಲ್ಲ. ಇರ್ಯಾಳನ್ನು ಪೇಟೆಯ ಆರೈಕೆ ಮನೆಗೆ ಸೇರಿಸಿದರು. ನಾನು ಮೇಜು, ಒಲೆ ಎಲ್ಲವನ್ನೂ ಹೊರಗೆ ಹಾಕಿಸಿದೆ, ನೆಲದ ಹಲಗೆ ಕೀಳಿಸಿದೆ. "ನನ್ನ ಸೀಸ ಕಣೋ ಅದು," ಎಂದು ಒಮ್ಮೆ ಅವನಿಗೆ ಹೇಳಿದೆ. "ನಿನ್ನ ಡಬ್ಬಿ, ನನ್ನ ಬುದ್ಧಿ," ಎಂದನೇ ಹೊರತು ಸಮಾಧಾನ ಹೇಳಲಿಲ್ಲ.

ಆ ಶರತ್ಕಾಲದಲ್ಲಿ ಅವನು ಅಚ್ಚ ತಾಮ್ರದ ಗುಂಡು ತರಿಸಿ, ಹಿಡಿತ ಸಾಲದ ಕೈಯಲ್ಲೇ, ಹೊರಗಿನ ಕೊಟ್ಟಿಗೆಯಲ್ಲೇ ಕೂತು ಇಪ್ಪತ್ತು ತೋಟಾ ಕಟ್ಟಿದ. ಮರಳುಗುಂಡಿಯಲ್ಲಿ ಎಲ್ಲವನ್ನೂ ಹೊಡೆದ. ಸೈಲೆನ್ಸರ್ ತೂಗಿದೆವು. ಮುಳ್ಳು ಮೊದಲಿನ ತೂಕಕ್ಕೇ ನಿಂತಿತು.

"ಸರಿಯಾಯ್ತಲ್ಲ," ಎಂದೆ.

"ಇದೇ ಗುಂಡು ಮೊದಲಿನಿಂದ್ಲೂ ಪೇಟೆ ಅಂಗಡೀಲಿ ಇತ್ತು," ಎಂದ ಔಲಿಸ್. ಬಂದೂಕನ್ನು ನನ್ನ ಕೈಗೆ ಕೊಟ್ಟು, ಆರೈಕೆ ಮನೆಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ರಸ್ತೆಯ ಕಡೆ ನಡೆದ. ಇರ್ಯಾ ಅವನ ಗುರುತು ಹಿಡಿಯುವುದನ್ನು ನಿಲ್ಲಿಸಿ ಆಗಲೇ ತಿಂಗಳಾಗಿತ್ತು.