ವಿಭೂತಿ ಬಳಿದ ಟೈರು

ನನ್ನ ಹೆಂಡತಿಯ ಬಗ್ಗೆ ನನಗೆ ಬಹಳ ಹೆಮ್ಮೆ. ಅವಳ ಎದುರಿಗೆ ಹೇಳಿದರೆ ವಾರಗಟ್ಟಲೆ ಅವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವ್ವನಿಗೆ ಸಮುದ್ರ ನೋಡುವ ಆಸೆ. ಹಳಿಯಾಳದಿಂದ ಗೋವಾ ದೂರವೇನಲ್ಲ. ಆದರೆ ಅವಳ ಸೊಂಟಕ್ಕೆ ಬಸ್ಸಿನ ಸೀಟು ಆಗಿಬರುವುದಿಲ್ಲ, ಅರ್ಧ ತಾಸು ಕೂತರೆ ಮಲಗಲೇಬೇಕು. ಮೇಲಾಗಿ ಗೋವಾಕ್ಕೆ ಇಳಿಯುವ ಅನಮೋಡ ಘಾಟು ಎಂದರೆ ಅವಳ ಜೀವ ಬಾಯಿಗೆ ಬರುತ್ತದೆ. ಹಾಗಿರುವಾಗ, ಒಳಗೆ ಹಾಸಿಗೆ, ಪುಟ್ಟ ಒಲೆ ಇರುವ ಹಳೇ ಟೆಂಪೊ ಒಂದು ದಾಂಡೇಲಿಯಲ್ಲಿ ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಪ್ರವಾಸಿಗರಿಗೆಂದು ಮಾಡಿಸಿದ ಗಾಡಿ. ಕೆಲಸವಿಲ್ಲದೆ ಹುಣಸೆಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು.

ನೋಡಲು ಇಬ್ಬರೂ ಹೋದೆವು. ಗಾಡಿ ಪರೀಕ್ಷೆ ನನಗೆ ಬಿಡು ಎಂದು ಹೆಂಡತಿಗೆ ಹೇಳಿದ್ದೆ. ಎಂಜಿನ್ ಸದ್ದು ಕೇಳಿದೆ, ಹಾಸಿಗೆಯ ಮೇಲೆ ಉರುಳಿ ನೋಡಿದೆ, ಟೈರಿನ ಮೈಮೇಲಿನ ಉಬ್ಬುಗಳ ಸಂದಿಗೆ ಉಗುರು ತೂರಿಸಿದೆ. ಸವೆದೇ ಇರಲಿಲ್ಲ. ಟೈರು ಹೊಸದರ ಹಾಗೇ ಇವೆ ಅಂದ ಮಾರುವವನು. ಅವನು ಸುಳ್ಳನಲ್ಲ, ಹಾಗೆಂದೇ ನಂಬಿದ್ದ. ಪ್ರತಿ ಅಮಾವಾಸ್ಯೆಗೆ ಟೈರುಗಳ ಪಕ್ಕಕ್ಕೆ ಮೂರು ಬೆರಳಲ್ಲಿ ವಿಭೂತಿ ಬಳಿದು ಕಾಯಿ ಒಡೆಯುತ್ತಿದ್ದನಂತೆ. ಪದರದ ಮೇಲೆ ಪದರ ಕೂತು ಗೋಡೆಯ ಸುಣ್ಣದಷ್ಟು ದಪ್ಪವಾಗಿತ್ತು. ನಾನೂ ಮುಟ್ಟಿ ಹಣೆಗೆ ಹಚ್ಚಿಕೊಂಡೆ. ಸಾಂಬ್ರಾಣಿ ಎಂಬ ಊರಲ್ಲಿ ಹುಟ್ಟಿ, ದಿನಾ ಲಿಂಗಪೂಜೆ ಮಾಡುವ ನನಗೆ ಅದನ್ನು ಒರೆಸುವ ಯೋಚನೆ ಕನಸಿನಲ್ಲೂ ಬಾರದು.

ಅವಳಿಗೆ ಬಂತು. ಕುಕ್ಕರುಗಾಲಲ್ಲಿ ಕೂತವಳೇ ಸೆರಗಿನ ತುದಿ ಒದ್ದೆ ಮಾಡಿ ತಿಕ್ಕತೊಡಗಿದಳು. ಮಾರುವವನ ಮುಖ ಕಪ್ಪಿಟ್ಟಿತು. ನಾಲ್ಕು ಜನರೆದುರು ಮಾನ ಕಳೆಯುತ್ತೀಯಾ ಎಂದು ನಾನು ರೇಗಿದೆ. ಬೆರಳಿಗೆ ಬಂದದ್ದನ್ನು ಅವಳು ಹಣೆಗೆ ಹಚ್ಚಿಕೊಂಡಳು.

"ದೇವರದು ಹಣಿಮ್ಯಾಲ ಬಂತಲ್ರೀ. ಈಗ ಇಲ್ಲಿ ನೋಡ್ರಿ."

ವಿಭೂತಿಯ ಕೆಳಗೆ ನಾಲ್ಕು ಅಂಕಿ ಇದ್ದವು: 3113. ಕಂಪನಿಯ ನಂಬರು ಇರಬೇಕು ಅಂದೆ. ಅವಳಪ್ಪ ಮುಂಡಗೋಡದಿಂದ ಗೋವಾಕ್ಕೆ ಲಾರಿ ಓಡಿಸಿದವರು. ಆ ಲೆಕ್ಕ ಅವಳಿಗೆ ಅವರಿಂದ ಬಂದದ್ದು. ಮೊದಲಿನ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯವೆರಡು ವರ್ಷ. ಎರಡು ಸಾವಿರದ ಹದಿಮೂರರ ಟೈರು! ಓಡದಿದ್ದರೂ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ, ಘಾಟಿನಲ್ಲಿ ಬಿಸಿಯಾದರೆ ಸಿಡಿಯಬಹುದು ಅಂದಳು. ಹೆಬ್ಬೆರಳಿನಿಂದ ಒತ್ತಿ ತೋರಿಸಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು.

"ಅಂಗಡ್ಯಾಗ ಬಿಸ್ಕೀಟ್ ಪುಡಿಕಿ ತಾರೀಖ ನೋಡದ ಇಳಿಸ್ಕೊಳ್ಳಂಗಿಲ್ಲ ನೀವು. ಅತ್ತಿನ್ನ ಮಲಗಿಸ್ಕೊಂಡ ಘಾಟ ಇಳಿಯೂ ಟೈರಿಗೆ ತಾರೀಖ ಬ್ಯಾಡೇನ್ರಿ?"

ಕಿರಾಣಿ ಅಂಗಡಿಯಲ್ಲೇ ತಲೆ ಬೆಳ್ಳಗಾದವನು ನಾನು. ಸಿಟ್ಟು ಇಳಿಯಲು ಒಂದು ಕಪ್ ಚಹಾ ಬೇಕಾಯಿತು, ಹೆಮ್ಮೆ ಮಾತ್ರ ಅದಕ್ಕೂ ಮೊದಲೇ ಬಂದುಬಿಟ್ಟಿತ್ತು.

ಮಾರುವವನು ಹೊಸ ಟೈರು ಹಾಕಿಸಿಕೊಡಲು ಒಪ್ಪಿದ. ಟೈರಿನಂಗಡಿಯಲ್ಲೂ ಅವಳು ಸುಮ್ಮನಿರಲಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿದ್ದ ಎರಡನ್ನು ಅಂಕಿ ಓದಿಯೇ ವಾಪಸು ಮಾಡಿದಳು. ಪೂಜೆಯನ್ನೂ ತಾನೇ ಮಾಡಿದಳು, ಅಂಕಿಗಳ ಜಾಗ ಬಿಟ್ಟು ವಿಭೂತಿ ಹಚ್ಚಿ.

ಒಂದು ಸೋಮವಾರ ಹೊರಟೆವು. ಹಿಂದೆ ಅವ್ವ ಮಲಗಿದ್ದಳು, ಅವಳ ಕಾಲ ಬಳಿ ಹೆಂಡತಿ. ಅನಮೋಡದ ತಪಾಸಣೆ ನಾಕಾ ದಾಟಿ ಇಳಿಜಾರು ಶುರುವಾದಾಗ ನಾನು ಗೇರು ಇಳಿಸಿದೆ. ಕನ್ನಡಿಯಲ್ಲಿ ನೋಡಿದರೆ ಅವ್ವ ಕಣ್ಣು ಮುಚ್ಚಿದ್ದಳು. ಹೆದರಿ ದೇವರನ್ನು ನೆನೆಯುತ್ತಿದ್ದಾಳೆ ಅಂದುಕೊಂಡೆ. ತಿರುವಿನ ಮೇಲೆ ತಿರುವು, ಎದುರಿಗೆ ಲಾರಿಗಳು. ಟೈರು ಒಂದು ಮಾತೂ ಆಡಲಿಲ್ಲ. ಕೆಳಗಿಳಿದು ಗೋವಾದ ಸೆಕೆ ಹೊಡೆದಾಗ ಅವ್ವ ಆಕಳಿಸಿ ಎದ್ದಳು.

"ಘಾಟ ಇನ್ನ ಎಷ್ಟ ದೂರ ಐತೆವಾ?"

"ದಾಟಿ ಬಂದ್ವಿ ಅತ್ತಿ," ಅಂದಳು ನನ್ನ ಹೆಂಡತಿ. "ಇನ್ನ ಸಮುದ್ರನ."